ರಿಜಿಸ್ಟರಿನಲ್ಲಿ ಇಲ್ಲದ ಹುಡುಗಿ

2023ರ ಜನವರಿ. ಗಂಗಾವತಿಯ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದ ನಾನು, ಕೊಪ್ಪಳದ ಒಂದು ಮಕ್ಕಳ ಮ್ಯೂಸಿಯಂನಲ್ಲಿ ಉಸ್ತುವಾರಿಯಾಗಿ ಸೇರಿ ಏಳು ತಿಂಗಳಾಗಿತ್ತು. ಹತ್ತಿ ತುಂಬುತ್ತಿದ್ದ ಹಳೆಯ ಗೋದಾಮಿಗೆ ಸುಣ್ಣ ಬಳಿದು, ತಗಡಿನ ಕೆಳಗೆ ಫ್ಯಾನ್ ಹಾಕಿ ಮಾಡಿದ ಒಂದು ದೊಡ್ಡ ಹಾಲ್, ಬದಿಗೆ ಎರಡು ಸಣ್ಣ ಕೋಣೆ, ಅಷ್ಟೇ. ಒಟ್ಟು ಮೂವತ್ತೆರಡು ಮಾದರಿಗಳಿದ್ದವು. ಯಾವ ದಿನ ನೋಡಿದರೂ ನಾಲ್ಕೈದು ಕೆಟ್ಟಿರುತ್ತಿದ್ದವು. ಮಕ್ಕಳು ಮುಟ್ಟಿ ಮುಟ್ಟಿಯೇ ತಾನೆ ಕೆಟ್ಟದ್ದು, ಹಾಗಾದರೆ ನಮ್ಮ ಕೆಲಸ ನಡೆದಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇಂಟರಾಕ್ಟಿವ್ ಮ್ಯೂಸಿಯಂ ಎಂದರೆ ಇಷ್ಟೇ: ಗಾಜಿನ ಪೆಟ್ಟಿಗೆ ಇರುವುದಿಲ್ಲ, ಮುಟ್ಟಬಾರದು ಎಂಬ ಫಲಕವೂ ಇರುವುದಿಲ್ಲ. ಬಾಗಿಲಿನ ಎದುರು ಗೋಡೆಯ ಮೇಲೆ ನಾನೇ ಮುಂದೆ ನಿಂತು ಪೇಂಟರ್‌ ಕೈಯಲ್ಲಿ ಬರೆಸಿದ್ದೆ: 'ಮುಟ್ಟಿ ನೋಡಿ. ಗಟ್ಟಿಯಾಗಿ ಪ್ರಶ್ನೆ ಕೇಳಿ.'

ಆ ಎರಡನೆಯ ಸಾಲಿನಿಂದ ನಾನೇ ಒಬ್ಬ ಹೆಣ್ಣುಮಗಳ ಮದುವೆಯ ಮಾತನ್ನು ಹಾಳು ಮಾಡಿಬಿಡುತ್ತಿದ್ದೆ. ಅದರ ಕಥೆ ಇದು. ಅವತ್ತು ಮಧ್ಯಾಹ್ನದವರೆಗೆ ನನಗೆ ತಲೆಬುಡ ಒಂದೂ ಅರ್ಥವಾಗಿರಲಿಲ್ಲ. ಓದುವವರಿಗೂ ಆ ಪಾಡು ಬೇಡ, ಆಮೇಲೆ ತಿಳಿದದ್ದನ್ನು ಮೊದಲೇ ಹೇಳಿಬಿಡುತ್ತೇನೆ.

ಹುಲಿಹೈದರ ಊರಿನ ರೇಣುಕಾ ಎಂಬ ಇಪ್ಪತ್ತಾರರ ಹುಡುಗಿಯನ್ನು ಅಷ್ಟರಲ್ಲಿ ಮೂರು ಕಡೆಯವರು ಮನೆಗೆ ಬಂದು ನೋಡಿ ಹೋಗಿದ್ದರು. ಮೂರೂ ಸಲ ಮನೆ ಮುಂದೆ ಕ್ರೂಸರ್ ಗಾಡಿ ನಿಂತಿತ್ತು, ಮೂರೂ ಸಲ ಓಣಿಯವರು ಅದನ್ನು ಎಣಿಸಿದ್ದರು. ನಾಲ್ಕನೆಯ ಗಾಡಿಯೂ ಬಂದು ಹಾಗೆಯೇ ಹೋದರೆ ಹುಡುಗಿಯಲ್ಲೇ ಏನೋ ಐಬು ಇದೆ ಎನ್ನುತ್ತಾರೆಂಬ ಭಯ ಮನೆಯವರಿಗೆ. ಹೀಗಾದಾಗ ನಮ್ಮ ಕಡೆ 'ಹೊರಗ ತೋರಿಸೋದು' ಎಂಬ ಪದ್ಧತಿ ಇದೆ. ಎರಡೂ ಕಡೆಯವರು ಗುರುತು ಪರಿಚಯ ಇಲ್ಲದವರ ಹಾಗೆ ಒಂದು ಗುಡಿಗೆ ಬರುತ್ತಾರೆ, ದೂರದಿಂದ ನೋಡಿಕೊಳ್ಳುತ್ತಾರೆ. ಒಪ್ಪಿಗೆಯಾದರೆ ಮಾತು ಮುಂದುವರಿಯುತ್ತದೆ, ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ಸಲ ಗುಡಿಯ ಬದಲು ನಮ್ಮ ಮ್ಯೂಸಿಯಂ ಗೊತ್ತುಪಡಿಸಿದ್ದರು. ಕೊಪ್ಪಳದ ಗುಡಿಗಳಲ್ಲಿ ಬಳಗದವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಮಕ್ಕಳ ಮ್ಯೂಸಿಯಂಗೆ ಯಾರು ಬರುತ್ತಾರೆ?

ಆದರೆ ಅಲ್ಲಿಗೆ ಹೋಗಲು ಜೊತೆಗೊಂದು ಮಗು ಬೇಕಲ್ಲ. ರೇಣುಕಾಳ ಕಾಕಾ ಶರಣಪ್ಪ ತನ್ನ ಮಗಳು ಪೂಜಾಳನ್ನು ಕರೆತರುವುದೆಂದು ಮಾತಾಗಿತ್ತು. ಬೆಳಿಗ್ಗೆ ಪೂಜಾಳಿಗೆ ಜ್ವರ. ಬಸ್ಸಿಗೆ ಹೊತ್ತಾಗಿತ್ತು. ರೇಣುಕಾ ಪಕ್ಕದ ಮನೆಯ ಆರು ವರ್ಷದ ರುಕ್ಸಾನಾಳನ್ನು ಅವಳ ತಾಯಿಯನ್ನು ಕೇಳಿ ಕರೆದುಕೊಂಡು ಹೊರಟಳು. ಈ ಯಾವುದೂ ನನಗೆ ಗೊತ್ತಿರಲಿಲ್ಲ.

ಇನ್ನು ನನ್ನ ರಿಜಿಸ್ಟರಿನ ವಿಷಯ. ನಾನು ಸೇರಿದ ಹೊಸದರಲ್ಲಿ ಒಂದು ಶಾಲೆಯವರು ಒಬ್ಬ ವಿದ್ಯಾರ್ಥಿನಿಯನ್ನು ಮರೆತು ಬಸ್ ಹತ್ತಿ ಹೋಗಿದ್ದರು. ಅಂದಿನಿಂದ ಎರಡು ನಿಯಮ ಮಾಡಿದ್ದೆ. ಮಕ್ಕಳಿಲ್ಲದೆ ದೊಡ್ಡವರಿಗೆ ಪ್ರವೇಶವಿಲ್ಲ. ಬಂದ ಪ್ರತಿ ಮಗುವಿನ ಹೆಸರು, ವಯಸ್ಸು, ತರಗತಿ, ಕರೆತಂದವರ ಹೆಸರು, ಊರು, ಅವರಿಗೆ ಮಗು ಏನು ಸಂಬಂಧ ಎಂಬುದನ್ನು ಕೌಂಟರಿನಲ್ಲಿ ಬರೆಯಬೇಕು. ಆ 'ಸಂಬಂಧ' ಎಂಬ ಕಾಲಂ ನನ್ನದೇ ಐಡಿಯಾ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಅವತ್ತು ಗುರುವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕನಕಗಿರಿ ಕಡೆಯ ಶಾಲೆಯೊಂದರ ನಲವತ್ತು ಮಕ್ಕಳು ಒಳಗೆ ಗದ್ದಲ ಎಬ್ಬಿಸಿದ್ದರು. ಆಗಲೇ ಶರಣಪ್ಪ, ರೇಣುಕಾ, ಅವಳ ತಾಯಿ, ಜೊತೆಗೆ ಕೆಂಪು ಫ್ರಾಕಿನ ಪುಟ್ಟ ಹುಡುಗಿ ಬಂದರು. ಮಗಳಿಗೆ ಮ್ಯೂಸಿಯಂ ತೋರಿಸಲು ಬಂದವನೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಶರಣಪ್ಪ, ಮಗು ಬದಲಾಗಿದ್ದರೂ ತನ್ನ ಹೆಸರು, ಊರಿನ ಜೊತೆ ರಿಜಿಸ್ಟರಿನಲ್ಲಿ ಅದನ್ನೇ ಬರೆದ: 'ಪೂಜಾ, 7 ವರ್ಷ, 2ನೇ ತರಗತಿ, ಮಗಳು.'

ಹತ್ತು ನಿಮಿಷದ ಮೇಲೆ ಕುಷ್ಟಗಿಯಿಂದ ಇಬ್ಬರು ಬಂದರು. ಒಬ್ಬರು ಐವತ್ತು ದಾಟಿದ ಗೌರಮ್ಮ. ಇನ್ನೊಬ್ಬ ಅವರ ಮಗ ಮಲ್ಲಿಕಾರ್ಜುನ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆವರುತ್ತಿದ್ದ. ಕೌಂಟರಿನ ಮಂಜುಳಾ ನಿಯಮ ಹೇಳಿ ತಡೆದಳು. ನಾನು ಅಲ್ಲೇ ನಿಂತಿದ್ದೆ.

"ಹುಡುಗ್ರು ಎಲ್ಲಿ ಅದಾರ್ರಿ?" ಎಂದು ಕೇಳಿದೆ.

ಗೌರಮ್ಮ ಒಂದು ಕ್ಷಣ ತಡವರಿಸಿ ಒಳಗೆ ಬೆರಳು ತೋರಿಸಿದರು. "ಅಲ್ಲಿ ಕೆಂಪ ಫ್ರಾಕ್ ಹಾಕ್ಕೊಂಡು ನಿಂತೈತಲ್ರಿ, ಅದು ನಮ್ಮ ಹುಡುಗೀನ. ಮುಂದ ಬಂದೈತಿ."

ಮಗ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ 'ಬೇಬಿ' ಎಂದು ಬರೆದ. ಸಂಬಂಧದ ಕಾಲಂನಲ್ಲಿ 'ಬಳಗ' ಎಂದು ತುಂಬಿದ. ಅವರು ಒಳಗೆ ಹೋದ ಮೇಲೆ ನಾನು ಪುಟ ನೋಡಿದೆ. ಒಂದೇ ಕೆಂಪು ಫ್ರಾಕು ಎರಡು ಸಲ, ಎರಡು ಹೆಸರಿನಲ್ಲಿ ಬಂದಿತ್ತು. ಎರಡೂ ಮನೆಯವರು ಒಟ್ಟಿಗೆ ಬಂದಿರಬಹುದು ಎಂದುಕೊಂಡರೆ, ಒಳಗೆ ಅವರು ಒಬ್ಬರಿಗೊಬ್ಬರು ನಮಸ್ಕಾರ ಸಹ ಮಾಡಲಿಲ್ಲ. ಜಗಳವಾಡಿಕೊಂಡ ಬೀಗರೇ? ಹಾಗಿದ್ದರೆ ಒಂದೇ ದಿನ ಒಂದೇ ಕಡೆ ಯಾಕೆ ಬಂದರು? ತಲೆ ಕೆರೆದುಕೊಳ್ಳುತ್ತ ಅವರ ಹಿಂದೆ ಹೋದೆ.

ಗೌರಮ್ಮ ಪೆರಿಸ್ಕೋಪಿನ ಮುಂದೆ ನಿಂತಿದ್ದರು. ಎರಡು ಕನ್ನಡಿಗಳನ್ನು ನಲವತ್ತೈದು ಡಿಗ್ರಿ ಓರೆಯಾಗಿ ಕೂಡಿಸಿದ ಕೊಳವೆ ಅದು. ಅಡ್ಡಗೋಡೆಯ ಆಚೆ ಇರುವುದು ಈಚೆ ಕಾಣುತ್ತದೆ. ಸಾಮಾನ್ಯವಾಗಿ ದೊಡ್ಡವರು ಅದರಲ್ಲಿ ಒಂದು ಸಲ ಇಣುಕಿ ಮುಂದೆ ಹೋಗುತ್ತಾರೆ. ಈ ಅಮ್ಮ ಐದು ನಿಮಿಷವಾದರೂ ಕಣ್ಣು ತೆಗೆಯಲಿಲ್ಲ. ನನಗೆ ಬಹಳ ಖುಷಿಯಾಯಿತು. ಹತ್ತಿರ ಹೋಗಿ ಬೆಳಕಿನ ಪ್ರತಿಫಲನದ ಬಗ್ಗೆ ಎಂಟನೇ ತರಗತಿಯ ಪಾಠ ಪೂರ್ತಿ ಒಪ್ಪಿಸಿದೆ.

ಅವರು ಕಣ್ಣು ಕೀಳದೆಯೇ ಕೇಳಿದರು, "ಇದರಾಗ ಎತ್ತರ ಬರೋಬರ್ ಕಾಣತೈತೇನ್ರಿ, ಏನ್ ಗಿಡ್ಡ ಮಾಡಿ ತೋರಸತೈತಿ?"

ಎಂಥ ಒಳ್ಳೆಯ ಪ್ರಶ್ನೆ ಎಂದು ಹಿಗ್ಗಿದೆ. "ಇದ್ದಷ್ಟೇ ಕಾಣತೈತ್ರಿ. ಸಪಾಟ ಕನ್ನಡಿ ಎಂದೂ ಸುಳ್ಳು ಹೇಳೂದಿಲ್ಲ" ಎಂದೆ.

"ಹಂಗಾದ್ರ ಛಲೋ ಆತು" ಎಂದರು ಗೌರಮ್ಮ. ಗೋಡೆಯ ಆಚೆ ಹಸಿರು ಸೀರೆ ಉಟ್ಟ ರೇಣುಕಾ ರುಕ್ಸಾನಾಳಿಗೆ ಬಣ್ಣದ ಬುಗುರಿ ತಿರುಗಿಸಿ ತೋರಿಸುತ್ತಿದ್ದಳು.

ಆಮೇಲೆ ಮಲ್ಲಿಕಾರ್ಜುನ ಪಿಸುಮಾತಿನ ತಟ್ಟೆಯ ಕಡೆ ನಡೆದ. ಹಾಲಿನ ಎರಡು ತುದಿಗೆ ಎದುರುಬದುರಾಗಿ ಎರಡು ದೊಡ್ಡ ಬೋಗುಣಿಯಂಥ ತಟ್ಟೆಗಳನ್ನು ನಿಲ್ಲಿಸಿದ್ದೆವು. ಒಂದರ ಮುಂದೆ ಮೆಲ್ಲಗೆ ಆಡಿದ ಮಾತು ಆ ತಟ್ಟೆಗೆ ತಾಗಿ ನೇರವಾಗಿ ಎದುರಿನ ತಟ್ಟೆಗೆ ಹೋಗಿ, ಅಲ್ಲಿ ಕಿವಿ ಇಟ್ಟವರಿಗೆ ಮಾತ್ರ ಕೇಳಿಸುತ್ತದೆ. ನಡುವೆ ಇರುವವರಿಗೆ ಏನೂ ಗೊತ್ತಾಗುವುದಿಲ್ಲ. ಬಾಗಿಲ ಕಡೆಯ ತಟ್ಟೆಗೆ ಮುಖ ಮಾಡಿ ಅವನು ನಿಂತ. ಇಪ್ಪತ್ತು ಹೆಜ್ಜೆ ಆಚೆ, ಹಿಂಗೋಡೆಯ ತಟ್ಟೆಗೆ ಮುಖ ಮಾಡಿ ರೇಣುಕಾ ನಿಂತಳು. ಇಬ್ಬರ ಬೆನ್ನೂ ಹಾಲಿನ ಕಡೆಗೆ. ನಡುವಿನ ಬೆಂಚಿನಲ್ಲಿ ಹಿರಿಯರು ಕೂತು, ಫ್ಯಾನ್ ನೋಡುತ್ತ ಏನೂ ಕಾಣದವರ ಹಾಗಿದ್ದರು. ಮಲ್ಲಿಕಾರ್ಜುನ ಹಿಂದೊಮ್ಮೆ ಅಕ್ಕನ ಮಕ್ಕಳೊಂದಿಗೆ ಬಂದಿದ್ದನಂತೆ. ಹಿರಿಯರ ಕಿವಿ ತಪ್ಪಿಸಿ ಹುಡುಗಿಯೊಡನೆ ನಾಲ್ಕು ಮಾತಾಡಲು ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲೇ ಇಲ್ಲ ಎಂದು ಮ್ಯೂಸಿಯಂ ಸೂಚಿಸಿದವನೇ ಅವನು. ಇಬ್ಬರು ದೊಡ್ಡವರು ಹತ್ತು ನಿಮಿಷ ತಟ್ಟೆಗಳ ಮುಂದೆ ನಿಂತು ಏನು ಪ್ರಯೋಗ ಮಾಡುತ್ತಿದ್ದಾರೆ ಎಂದು ನಾನು ಆಶ್ಚರ್ಯಪಟ್ಟೆ. ಹುಡುಗಿಯ ಕಿವಿ ಕೆಂಪಾಗಿತ್ತು. ಸೆಖೆ ಎಂದುಕೊಂಡೆ.

ಹನ್ನೆರಡು ಗಂಟೆಗೆ ನೆರಳಿನ ಕೋಣೆಯಿಂದ ಮಗುವಿನ ಅಳು ಕೇಳಿತು. ಆ ಕೋಣೆಯಲ್ಲಿ ಗೋಡೆಗೆ ವಿಶೇಷ ಬಣ್ಣ ಬಳಿದಿದೆ. ದೀಪ ಫಳಕ್ಕೆಂದು ಹೊತ್ತಿ ಆರಿದ ಮೇಲೆ ನಮ್ಮ ನೆರಳು ಗೋಡೆಯಲ್ಲೇ ಉಳಿದುಕೊಳ್ಳುತ್ತದೆ. ರೇಣುಕಾಳ ಕೈ ಬಿಟ್ಟು ಶಾಲೆಯ ಮಕ್ಕಳ ಹಿಂದೆ ಒಳಗೆ ಹೋಗಿದ್ದ ಕೆಂಪು ಫ್ರಾಕಿನ ಹುಡುಗಿ, ಅವರೆಲ್ಲ ಹೊರಗೆ ಓಡಿದಾಗ ಕತ್ತಲಲ್ಲಿ ಒಬ್ಬಳೇ ಉಳಿದಿದ್ದಳು. ಮಂಜುಳಾ ಎತ್ತಿಕೊಂಡು ಬಂದಳು.

"ಅಳಬ್ಯಾಡ ಪೂಜಾ" ಎಂದೆ.

"ನಾ ಪೂಜಾ ಅಲ್ಲ. ರುಕ್ಸಾನಾ" ಎಂದು ಅವಳು ಇನ್ನೂ ಜೋರಾಗಿ ಅತ್ತಳು.

 ರಿಜಿಸ್ಟರಿನಲ್ಲಿ ಪೂಜಾ ಇದ್ದಳು, ಬೇಬಿ ಇದ್ದಳು, ರುಕ್ಸಾನಾ ಇರಲಿಲ್ಲ. ಶಾಲೆಯ ಶಿಕ್ಷಕರನ್ನು ಕೇಳಿದೆ. ನಲವತ್ತಕ್ಕೆ ನಲವತ್ತೂ ಇದ್ದಾರೆ, ಇವಳು ನಮ್ಮವಳಲ್ಲ ಎಂದರು. ಮಗುವಿನ ಕೈ ಹಿಡಿದು ಸೀದಾ ಬೆಂಚಿನ ಹತ್ತಿರ ಹೋದೆ. ಆ ಹೊತ್ತಿಗೆ ಶರಣಪ್ಪ ಗೌರಮ್ಮನ ಪಕ್ಕದಲ್ಲಿ ಕೂತು ಮೆಲ್ಲಗೆ ತನ್ನ ಮನೆತನದ ಪರಿಚಯ ಹೇಳಿಕೊಳ್ಳುತ್ತಿದ್ದ. ಕೆಂಪು ಫ್ರಾಕಿನವಳು ತನ್ನ ಮಗಳು ಪೂಜಾ ಎಂದೂ ಆಗಲೇ ಹೇಳಿಯಾಗಿತ್ತು.

"ಈ ಹುಡುಗಿ ಹೆಸರು ರುಕ್ಸಾನಾ ಅಂತ. ಯಾರ ಕೂಡ ಬಂದೈತ್ರಿ ಇದು?" ಎಂದು ಕೇಳಿದೆ.

ಶರಣಪ್ಪನ ಮುಖ ಬಿಳಿಚಿಕೊಂಡಿತು. ನಮ್ಮ ಜೊತೆ ಎಂದರೆ ಪೂಜಾಳ ಸುಳ್ಳು ಬೀಗರಾಗುವವರ ಎದುರೇ ಬಯಲಾಗುತ್ತದೆ. ಮಗಳ ವಿಷಯದಲ್ಲೇ ಸುಳ್ಳು ಹೇಳಿದವರು ಇನ್ನೇನು ಹೇಳಿದ್ದಾರೋ ಎನ್ನುತ್ತಾರೆ. ಗಾಬರಿಯಲ್ಲಿ ಅವನ ಬಾಯಿಂದ ಬಂದದ್ದು, "ನಮ್ಮದಲ್ರಿ ಅದು."

ಗೌರಮ್ಮನನ್ನು ನೋಡಿದೆ. ಒಂದು ಗಂಟೆಯ ಹಿಂದೆ ಅದು ನಮ್ಮ ಹುಡುಗಿ ಎಂದವರು ಈಗ, "ನಮಗೂ ಗೊತ್ತಿಲ್ರಿ" ಎಂದರು. ತಟ್ಟೆ ಬಿಟ್ಟು ಬಂದಿದ್ದ ಮಗ ಅವರ ಹಿಂದೆಯೇ ನಿಂತಿದ್ದ. ರೇಣುಕಾಳ ತಾಯಿ ನೆಲ ನೋಡುತ್ತ ಕೂತುಬಿಟ್ಟರು. ರುಕ್ಸಾನಾ ಅಳು ನಿಲ್ಲಿಸಿ ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಬೆಳಗಿನಿಂದ ತನಗೆ ಶೇಂಗಾ ಚಿಕ್ಕಿ ಕೊಡಿಸುತ್ತ ಬಂದವರು ಅವರು.

ಹನ್ನೊಂದು ಗಂಟೆಗೆ ಎರಡು ಮನೆಯ ಮಗುವಾಗಿದ್ದವಳು ಹನ್ನೆರಡಕ್ಕೆ ಯಾರ ಮಗುವೂ ಅಲ್ಲ! ಇದು ಮಕ್ಕಳನ್ನು ಕದ್ದೊಯ್ಯುವವರ ಕೆಲಸವೇ ಇರಬೇಕೆಂದು ನನಗೆ ಅನ್ನಿಸಿತು. ಅನ್ನಿಸಿದ್ದರಲ್ಲಿ ಇಂದಿಗೂ ತಪ್ಪು ಕಾಣುವುದಿಲ್ಲ. ಮುಂದೆ ಮಾಡಿದ್ದರಲ್ಲಿ ಕಾಣುತ್ತದೆ. ನಾನು ಮಂಜುಳಾಗೆ ಗೇಟು ಹಾಕಿಸಿ, ಮೈಕು ಕೈಗೆತ್ತಿಕೊಂಡೆ.

"ಹುಲಿಹೈದರದಿಂದ ಬಂದಿರುವ ಶರಣಪ್ಪನವರು ಪೂಜಾ ಎಂಬ ಮಗುವನ್ನು ಕೂಡಲೇ ತೋರಿಸಬೇಕು. ಅಲ್ಲಿಯವರೆಗೆ ಯಾರನ್ನೂ ಹೊರಗೆ ಬಿಡುವುದಿಲ್ಲ. ಪೊಲೀಸರಿಗೆ ಫೋನ್ ಮಾಡಲಾಗುವುದು."

ತಗಡಿನ ಹಾಲ್ ಇಡೀ ಗುಂಯ್‌ಗುಟ್ಟಿತು. ಮಕ್ಕಳೆಲ್ಲ ಆಟ ಬಿಟ್ಟು ಬಂದು ಸುತ್ತ ನಿಂತರು. ನಾನು ಮೂವತ್ತೊಂದು ವರ್ಷದ ಕ್ಲಾಸ್‌ರೂಮಿನ ದನಿಯಲ್ಲಿ ಶರಣಪ್ಪನನ್ನು ಕೇಳುತ್ತಿದ್ದೆ: ಯಾರ ಮಗು ಇದು, ಎಲ್ಲಿಂದ ತಂದಿರಿ, ಪೂಜಾ ಎಲ್ಲಿ?  ಶಿಕ್ಷಕರಲ್ಲೊಬ್ಬರು ಮುಂದೆ ಬಂದು, "ಏ, ಶರಣಪ್ಪಣ್ಣ! ನೀವೇನ್ರಿ ಇಲ್ಲಿ?" ಎಂದರು. ಕನಕಗಿರಿ ಸಂತೆಯಲ್ಲಿ ಅವರಿಗೆ ಪರಿಚಯವಂತೆ. ರೇಣುಕಾಳ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವರು ಯಾಕೆ ಹಾಗೆ ಮಾಡಿದರೆಂದು ಆಗ ನನಗೆ ತಿಳಿಯಲಿಲ್ಲ. ಕಳ್ಳತನ ಸಿಕ್ಕಿಬಿತ್ತು ಎಂದೇ ಭಾವಿಸಿದೆ.

ಮೈಕಿನ ಸದ್ದಿಗೆ ತಟ್ಟೆಯಿಂದ ತಿರುಗಿದ ರೇಣುಕಾ ಗುಂಪು ಸರಿಸಿಕೊಂಡು ಬಂದಳು. ಕಾಕಾನನ್ನು ನೋಡಿದಳು, ಬೆಂಚಿನವರನ್ನು ನೋಡಿದಳು, ಬಾಗಿ ರುಕ್ಸಾನಾಳನ್ನು ಎತ್ತಿಕೊಂಡಳು. ಮಗು ಅವಳ ಕುತ್ತಿಗೆಗೆ ಜೋತುಬಿತ್ತು.

"ಇದು ನಮ್ಮ ಹುಡುಗಿ ಮೇಡಂ. ಬಾಜು ಮನಿ ರುಕ್ಸಾನಾ. ನಾನ ಕರ್ಕೊಂಡ ಬಂದೀನಿ."

"ಮತ್ತ ಇವರು ಯಾಕ ನಮ್ಮದಲ್ಲ ಅಂದ್ರು?"

ಅವಳು ನಲವತ್ತು ಮಕ್ಕಳನ್ನೂ ಶಿಕ್ಷಕರನ್ನೂ ಒಮ್ಮೆ ನೋಡಿದಳು. ಸುಮ್ಮನಿರಲು ಅವಳಿಗೆ ಅದೇ ಕೊನೆಯ ಅವಕಾಶವಾಗಿತ್ತು.

"ಕುಷ್ಟಗಿಯವರು ನನ್ನ ನೋಡಾಕ ಬಂದಾರ್ರಿ. ಅದು ಯಾರಿಗೂ ಗೊತ್ತಾಗಬಾರದು ಅಂತ ಕಾಕಾ ಸುಳ್ಳ ಹೇಳ್ಯಾನ. ಕಳ್ಳ ಅಲ್ಲ ಅಂವ."

ಯಾರೋ ಇಬ್ಬರು ಮಕ್ಕಳು ಕಿಸಕ್ಕೆಂದು ನಕ್ಕರು. ನೆಲ ಬಾಯಿಬಿಟ್ಟಿದ್ದರೆ ನಾನು ಒಳಗೆ ಹೋಗುತ್ತಿದ್ದೆ. ಆದರೂ ಕರ್ತವ್ಯ ಬಿಡುವಂತಿರಲಿಲ್ಲ. ಎಲ್ಲರನ್ನೂ ನನ್ನ ಕೋಣೆಗೆ ಕರೆದೊಯ್ದು, ರೇಣುಕಾ ಹೇಳಿದ ನಂಬರಿಗೆ ಫೋನ್ ಮಾಡಿದೆ. ರುಕ್ಸಾನಾಳ ತಾಯಿ ಎತ್ತಿದರು.

"ಹೌದ್ರಿ ಮೇಡಂ, ರೇಣುಕಾನ ಕರ್ಕೊಂಡ ಹೋಗ್ಯಾಳ. ಯಾಕ್ರಿ, ಅಳಾಕತ್ಯಾಳೇನು? ಭಾಳ ಹಟಾ ಐತ್ರಿ ಅದಕ. ಕೊಡ್ರಿ ಫೋನ್."

ತಾಯಿ ಮಗಳು ಮಾತಾಡುತ್ತಲೇ ಇದ್ದರು. ತರಿಸಿದ ಚಹಾ ಆರಿಹೋಯಿತು. ಗೌರಮ್ಮ ಎದ್ದು ಸೆರಗು ಸರಿಮಾಡಿಕೊಂಡು, "ಮನಿಗಿ ಹೋಗಿ ತಿಳಸ್ತೀವ್ರಿ" ಎಂದರು. ಈ ಮಾತಿಗೆ ನಮ್ಮ ಕಡೆ ಏನು ಅರ್ಥ ಎಂದು ಎಲ್ಲರಿಗೂ ಗೊತ್ತು. ಮಲ್ಲಿಕಾರ್ಜುನ ಏನೋ ಹೇಳುವವನಂತೆ ನಿಂತ. ತಾಯಿ ಕರೆದರು, ಹೋದ.

ನಾನು ರೇಣುಕಾಳ ಎದುರು ಕೂತು, ತಪ್ಪಾಯಿತಮ್ಮ ಎಂದೆ. 

ಅವಳು ರುಕ್ಸಾನಾಳ ಮುಖ ಒರೆಸುತ್ತಿದ್ದಳು. "ನೀವು ಕೇಳಿದ್ದು ಬರೋಬರ್ ಐತ್ರಿ. ನಿಮ್ಮ ಜಾಗಾದಾಗ ನಾ ಇದ್ರೂ ಕೇಳತಿದ್ದೆ. ಆದ್ರ ಈ ಖೋಲಿಗಿ ಕರದು ಕೇಳಬೇಕಿತ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವರು ಹೋದ ಮೇಲೆ ನಾನು ಬರಹದ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಗಟ್ಟಿಯಾಗಿ ಕೇಳಿ, ಗಟ್ಟಿಯಾಗಿ ಹೇಳಿ ಎಂದವಳು ನಾನು. ತರಗತಿಯಲ್ಲಿ ತಪ್ಪು ಉತ್ತರ ಹೇಳಿದವರಿಗೆ ಹೆಚ್ಚೆಂದರೆ ಒಂದು ಅಂಕ ಹೋಗುತ್ತಿತ್ತು. ಆ ಲೆಕ್ಕವನ್ನೇ ಇಲ್ಲಿಗೂ ತಂದಿದ್ದೆ. ಮಗುವಿನ ಬಗ್ಗೆ ಕೇಳದೆ ಇರಲು ಸಾಧ್ಯವಿರಲಿಲ್ಲ, ಅದನ್ನು ಇಂದಿಗೂ ಹೇಳುತ್ತೇನೆ. ಆದರೆ ಗೇಟು ಹಾಕಿಸಿದ ಮೇಲೆ ಮೈಕು ಯಾಕೆ ಬೇಕಿತ್ತು? ಊರಿನ ಹೆಸರು ಯಾಕೆ ಬೇಕಿತ್ತು? 

ಒಂದು ವಾರ ಕಳೆದು, ಮತ್ತೆ ಗುರುವಾರ, ಮಲ್ಲಿಕಾರ್ಜುನ ಒಬ್ಬನೇ ಬಂದ. ಜೊತೆಗೆ ಮಗು ಇಲ್ಲ. ಮಂಜುಳಾ ತಡೆಯಲು ಹೋದಳು. ನಾನೇ ಕೋಣೆಗೆ ಕರೆದು ಬಾಗಿಲು ಹಾಕಿದೆ. ಕುರ್ಚಿಯ ತುದಿಯಲ್ಲಿ ಕೂತ.

"ಅವತ್ತು ಆ ಸಣ್ಣ ಹುಡುಗಿ ರೇಣುಕಾ ಅವರ ಕೈ ಹಿಡ್ಕೊಂಡು ನಿಂತಿದ್ದು ನಾ ನೋಡಿದ್ನಿರಿ. ಅವರ ಕಡೇದ ಅಂತ ನನಗ ಗೊತ್ತಿತ್ತು. ನಮ್ಮವ್ವ ಗೊತ್ತಿಲ್ಲ ಅಂದಾಗ ಸುಮ್ನ ನಿಂತೆ. ಮನಿಯಾಗ ಬ್ಯಾಡ ಅಂತಾರ, ಅದನ್ನ ನಾ ನೋಡ್ಕೋತೀನಿ. ಈ ಮಾತು ಅವರಿಗೆ ಹೇಳಬೇಕ್ರಿ. ನಂಬರ್ ಕೊಡ್ತೀರೇನು?"

ಮತ್ತೆ ಗೊಂದಲ. ಮ್ಯೂಸಿಯಂನ ಉಸ್ತುವಾರಿಗೂ ಈ ಕೆಲಸಕ್ಕೂ ಏನು ಸಂಬಂಧ? ನಂಬರ್ ಕೊಟ್ಟರೆ ತಪ್ಪೇ, ಕೊಡದಿದ್ದರೆ ತಪ್ಪೇ? ಈ ಸಲ ಕೊಡಲಿಲ್ಲ. ಅವನನ್ನು ಹೊರಗೆ ಕೂರಿಸಿ, ರುಕ್ಸಾನಾಳ ತಾಯಿಗೆ ಫೋನ್ ಮಾಡಿ ರೇಣುಕಾಳನ್ನು ಕರೆಸಿ, ಅವನು ಹೇಳಿದ್ದನ್ನು ಇದ್ದಂತೆ ಹೇಳಿದೆ. ಬಹಳ ಮೆಲ್ಲಗೆ ಹೇಳಿದೆ.

ಆ ಕಡೆ ಹಿಂದಿನಿಂದ ರುಕ್ಸಾನಾ ಯಾರ ಮೇಲೋ ರೇಗುತ್ತಿದ್ದದ್ದು ಕೇಳುತ್ತಿತ್ತು.

"ಹೊರಗ ಎಲ್ಲೂ ಬ್ಯಾಡ್ರಿ ಇನ್ನ" ಎಂದಳು ರೇಣುಕಾ. "ಹುಲಿಹೈದರಕ್ಕ ಬರ್ಲಿ. ಗಾಡಿ ಓಣ್ಯಾಗ ನಿಲ್ಲಸ್ಲಿ, ಎಣಸೂರು ಎಣಸ್ಲಿ. ಮೊದ್ಲ ಬಾಜು ಮನಿಗಿ ಹೋಗಿ ಈ ಮಾತು ರುಕ್ಸಾನಾಗ ಹೇಳ್ಲಿ. ಆಮ್ಯಾಲ ನಮ್ಮ ಮನಿ."

ಇದನ್ನೂ ಇದ್ದಂತೆ ಮಲ್ಲಿಕಾರ್ಜುನನಿಗೆ ಹೇಳಿದೆ. ಅವನು ತಲೆಯಾಡಿಸಿ ಎದ್ದು ಹೋದ. ಹುಲಿಹೈದರಕ್ಕೆ ಹೋದನೋ ಬಿಟ್ಟನೋ ಆಗ ತಿಳಿಯಲಿಲ್ಲ. ಆರು ವರ್ಷದ ಹುಡುಗಿಯ ಮುಂದೆ ನಿಂತು ಏನು ಹೇಳಿದನೋ, ಅದು ನನಗೆ ಇಂದಿಗೂ ಗೊತ್ತಿಲ್ಲ. ಕೇಳಬೇಕೆಂದು ನಾಲಗೆ ತುದಿಯವರೆಗೆ ಬಂದರೂ ಕೇಳಲಿಲ್ಲ.

ಅದೇ ವಾರ ಪೇಂಟರ್‌ನನ್ನು ಕರೆಸಿ ಗೋಡೆಯ ಮೇಲಿನ 'ಗಟ್ಟಿಯಾಗಿ' ಎಂಬ ಒಂದು ಪದಕ್ಕೆ ಸುಣ್ಣ ಹೊಡೆಸಿದೆ. ನಡುವೆ ಖಾಲಿ ಜಾಗ ಉಳಿಯಿತು; ಅಲ್ಲಿ ಏನಿತ್ತು ಎಂದು ಮಕ್ಕಳು ಕೇಳುತ್ತಾರೆ, ಹೇಳುತ್ತೇನೆ. ಮೈಕಿನಲ್ಲಿ ಊರು ಹೇಳುವುದನ್ನು ನಿಲ್ಲಿಸಿದೆವು. ಮಗುವಿನ ವಿಷಯದಲ್ಲಿ ಅನುಮಾನ ಬಂದರೆ ಕೋಣೆಗೆ ಕರೆದು, ಕೂರಿಸಿ, ನೀರು ಕೊಟ್ಟು ಕೇಳುತ್ತೇವೆ. ಉತ್ತರ ಸಿಗುತ್ತದೆ, ಮೊದಲಿಗಿಂತ ಬೇಗ ಸಿಗುತ್ತದೆ. ಪ್ರಶ್ನೆ ಕೇಳುವುದು ನನ್ನ ಕೆಲಸ. ಎದುರಿನವರು ತಲೆ ಎತ್ತಿ ಉತ್ತರಿಸುವಂತೆ ಕೇಳುವುದೂ ಆ ಕೆಲಸದ ಭಾಗವೇ ಎಂದು ನಿವೃತ್ತಿಯ ನಂತರ ಕಲಿತೆ.

ಏಪ್ರಿಲ್ ಕೊನೆಯಲ್ಲಿ ಅಂಚೆಯಲ್ಲಿ ಅರಿಶಿನ ಹಚ್ಚಿದ ಒಂದು ಲಗ್ನಪತ್ರಿಕೆ ಬಂತು. ರೇಣುಕಾ, ಮಲ್ಲಿಕಾರ್ಜುನ ಎಂಬ ಹೆಸರು ಓದಿ ಕುರ್ಚಿಯಲ್ಲಿ ಕೂತೆ. ಹಿರಿಯರ ಹೆಸರುಗಳ ಉದ್ದ ಪಟ್ಟಿಯ ಕೆಳಗೆ, ಮನೆಯ ಮಕ್ಕಳು ಕರೆಯುವ ಸಣ್ಣ ಅಕ್ಷರದ ಸಾಲಿತ್ತು: 'ನಮ್ಮ ಅಕ್ಕನ ಮದುವೆಗೆ ತಪ್ಪದೇ ಬರ್ರಿ. ಪೂಜಾ, ರುಕ್ಸಾನಾ.'

ಕಪಾಟಿನಿಂದ ಜನವರಿಯ ರಿಜಿಸ್ಟರ್ ತೆಗೆದೆ. ಆ ಗುರುವಾರದ ಪುಟದಲ್ಲಿ ಪೂಜಾಳನ್ನೂ ಬೇಬಿಯನ್ನೂ ಅಳಿಸದೆ ಹಾಗೆಯೇ ಬಿಟ್ಟು, ಕೆಳಗೆ ಉಳಿದಿದ್ದ ಒಂದು ಸಾಲಿನಲ್ಲಿ ಬರೆದೆ: ರುಕ್ಸಾನಾ, 6 ವರ್ಷ. ಕರೆತಂದವರು: ರೇಣುಕಾ. ಸಂಬಂಧ: ತಂಗಿ.